ಅರಿಶಿನ ಕುಡಿದ ರೇಡಿಯೇಟರ್

ಹಳೆ ಕಾರಿನ ಕೂಲೆಂಟ್ ಸೋರತೊಡಗಿದರೆ ನಮ್ಮಲ್ಲಿ ಮೊದಲ ಔಷಧಿ ಹೊರಡುವುದು ಗ್ಯಾರೇಜಿನಿಂದಲ್ಲ, ಅಡುಗೆಮನೆಯಿಂದ: ಎರಡು ಚಮಚ ಅರಿಶಿನ. ಬಿರುಕಿಗೆ ಮೆತ್ತಿಕೊಂಡು ಅದು ಶಿರಾಡಿ ಘಾಟಿಯನ್ನೇನೋ ದಾಟಿಸೀತು. ಆಮೇಲೆ ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಮೆತ್ತಿಕೊಂಡು ಎಂಜಿನ್ನಿಗೆ ಜ್ವರ ಬರಿಸುತ್ತದೆ. ಮೆಕ್ಯಾನಿಕ್ ಬಿಚ್ಚಿ ನೋಡಿ, "ಒಗ್ಗರಣೆ ಒಂದು ಬಾಕಿ ಉಳಿಸಿದ್ದೀರಲ್ಲ ಸಾರ್" ಎನ್ನುತ್ತಾನೆ.

ಸೋರುವ ಜಾಗ ಬಹುತೇಕ ಸಡಿಲವಾದ ಕ್ಲಿಪ್ಪೋ, ಬಿರಿದ ರಬ್ಬರ್ ಹೋಸೋ ಆಗಿರುತ್ತದೆ. ಇಲ್ಲವೇ ವಾಟರ್ ಪಂಪು. ಹಸಿರು ಹನಿ ಎಲ್ಲಿಂದ ಬಿತ್ತೆಂದು ಬಗ್ಗಿ ನೋಡಿದರೆ ಅರ್ಧ ಕೆಲಸ ಮುಗಿಯಿತು. ಆದರೆ ಬಗ್ಗುವವರಾರು? ಸುತ್ತ ನೆರೆದವರಿಗೆಲ್ಲ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯುವ ಉಮೇದು! ಒತ್ತಡದ ದೆಸೆಯಿಂದ 100 ಡಿಗ್ರಿ ದಾಟಿಯೂ ಕುದಿಯದೆ ಕೂತ ನೀರು, ಮುಚ್ಚಳ ಸಡಿಲಿಸಿದ್ದೇ ಬುಸ್ಸೆಂದು ಮುಖಕ್ಕೆ ಚಿಮ್ಮುತ್ತದೆ. ಅತಿ ಉತ್ಸಾಹದ ಭಾವಂದಿರನ್ನು ಮೊದಲು ಚಹಾದಂಗಡಿಗೆ ಸಾಗಹಾಕಿ. ಎಂಜಿನ್ ತಣಿದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ.