ಕೈಗವಸು ಕಳೆದುಕೊಂಡವನ ಅರ್ಜಿ

ಊರಿಂದ ಹಿರಿಯರು ಇಂಗ್ಲೆಂಡಿಗೆ ಬಂದರೆ ಅವರಿಗೆ ಹಳೇ ಕಲ್ಲು ತೋರಿಸಲೇಬೇಕು. ಇಲ್ಲಿನ ಕನ್ನಡದ ಮನೆಗಳಲ್ಲಿ ಇದು ಕಾನೂನು. ಹಾಗಾಗಿ ಡಿಕ್ಕಿಯಲ್ಲಿ ಪುಳಿಯೋಗರೆ, ಹಿಂದಿನ ಸೀಟಿನಲ್ಲಿ ಅತ್ತೆ-ಮಾವ, ಮೊದಲು ಸ್ಟೋನ್‌ಹೆಂಜ್.

ಮಾವನವರು ಮಂಡಿಕಲ್ಲಿನ ದ್ರಾಕ್ಷಿ ಬೆಳೆಗಾರರು. ಸುತ್ತು ಹೊಡೆದು ನೋಡಿ, "ಚಪ್ಪರಕ್ಕೆ ಕೂಚ ನಿಲ್ಸವ್ರೆ. ತಂತಿ ಎಳೆಯೋ ಹೊತ್ಗೆ ದುಡ್ಡು ಮುಗಿದದೆ," ಎಂದರು. ಸಣ್ಣ ಕಲ್ಲುಗಳು ಸುಮಾರು 240 ಕಿಲೋಮೀಟರ್ ದೂರದ ವೇಲ್ಸ್‌ನಿಂದ ಬಂದವು ಎಂದು ನಮ್ಮೆಜಮಾನರು ವಿವರಿಸಿದರು. 1915ರ ಹರಾಜಿನಲ್ಲಿ ಸೆಸಿಲ್ ಚಬ್ ಎಂಬಾತ ಇಷ್ಟನ್ನೂ 6,600 ಪೌಂಡಿಗೆ ಕೊಂಡು, 1918ರಲ್ಲಿ ಸರ್ಕಾರಕ್ಕೆ ದಾನ ಕೊಟ್ಟನಂತೆ. "ಮೂರೇ ವರ್ಷಕ್ಕಾ? ಫಸಲು ಕೈಗೆ ಹತ್ತಿಲ್ಲ ಬಿಡು."

ಬಾತ್ ಊರಿನ ರೋಮನ್ ಸ್ನಾನಗೃಹದಲ್ಲಿ ಅತ್ತೆಯ ಸರದಿ. ನೆಲದೊಳಗಿಂದ 46 ಡಿಗ್ರಿ ಬಿಸಿನೀರು ಉಕ್ಕುತ್ತದೆ, ಆದರೆ ಮುಟ್ಟುವಂತಿಲ್ಲ. ತಂದಿದ್ದ ಟವಲನ್ನು ಸಿಟ್ಟಿನಿಂದ ಬ್ಯಾಗಿಗೆ ತುರುಕಿದರು. ಆ ಸಿಟ್ಟು ಇಳಿದದ್ದು ಮ್ಯೂಸಿಯಂನ ಸೀಸದ ತಗಡುಗಳ ಮುಂದೆ. ಸ್ನಾನಕ್ಕಿಳಿದಾಗ ಬಟ್ಟೆ ಕಳೆದುಕೊಂಡವರು ಕಳ್ಳನಿಗೆ ಶಾಪ ಗೀಚಿ, ಸುಲಿಸ್ ದೇವಿಯ ಚಿಲುಮೆಗೆ ಎಸೆಯುತ್ತಿದ್ದರು. ಅಂಥ ತಗಡು ಸುಮಾರು 130 ಸಿಕ್ಕಿವೆ. ಡೊಸಿಮಿಡಿಸ್ ಎಂಬವನದು ಒಂದು ಜೊತೆ ಕೈಗವಸು ಹೋಗಿತ್ತು. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಬರೆದಿದ್ದಾನೆ.

"ಕೈಗವಸಿಗೆ ಕಣ್ಣು ಜಾಸ್ತಿಯಾಯ್ತು," ಎಂದು ಅತ್ತೆ ತೀರ್ಪು ಕೊಟ್ಟರು. "ನಂದಿ ಜಾತ್ರೇಲಿ ನನ್ನ ಹೊಸ ಚಪ್ಪಲಿ ಹೋದಾಗ ನಾನು ಕಾಲು ಸೇದೋಗ್ಲಿ ಅಂದೆ ಅಷ್ಟೆ. ಬರೆದು ಹಾಕ್ಬೇಕು ಅಂತ ಯಾರೂ ಹೇಳ್ಲಿಲ್ಲವಲ್ಲಮ್ಮ!" ಭೋಗನಂದೀಶ್ವರನ ಕಲ್ಯಾಣಿಯೂ ಇದಕ್ಕೇನು ಕಮ್ಮಿ, ಅಲ್ಲಿ ಬರಿಗೈಲಿ ಬಂದೆನಲ್ಲ ಎಂಬ ಕೊರಗು ಬೇರೆ. ಗಂಡಾಗಲಿ ಹೆಣ್ಣಾಗಲಿ, ಆಳಾಗಲಿ ಒಡೆಯನಾಗಲಿ ಬಿಡಬೇಡ ಎಂಬ ಒಕ್ಕಣೆ ಅವರಿಗೆ ಬಹಳ ಹಿಡಿಸಿತು. ಒಂದು ತಗಡಿನಲ್ಲಂತೂ ಅನುಮಾನ ಇರುವವರ ಹೆಸರನ್ನೆಲ್ಲ ಸಾಲಾಗಿ ಬರೆದಿದೆ. ಅದನ್ನು ನನ್ನ ಕೈಲಿ ಮತ್ತೆ ಓದಿಸಿದರು.

ಪಾರ್ಕಿಂಗಿಗೆ ಬಂದರೆ ಮಾವನವರ ಮಫ್ಲರ್ ಇಲ್ಲ. ಕಾರಿನಲ್ಲೇ ಎಲ್ಲೋ ಬಿದ್ದಿರಬೇಕು ಎಂದು ನಮ್ಮೆಜಮಾನರು ಸೀಟಿನಡಿ ತಡಕತೊಡಗಿದರು. ಅತ್ತೆ ಅಷ್ಟರಲ್ಲಿ ಟಿಕೆಟ್ಟಿನ ಹಿಂಬದಿಯಲ್ಲಿ ನನ್ನಿಂದ ಹೆಸರು ಬರೆಸತೊಡಗಿದ್ದರು. ಪಟ್ಟಿಯಲ್ಲಿ ಮೊದಲನೆಯದು ಮಂಡಿಕಲ್ಲಿನಲ್ಲಿರುವ ಅವರ ವಾರಗಿತ್ತಿಯದು.