ಕಾದಂಬರಿಯ ಪಾದ್ರಿ: ಬಳಸುವ ವಿಧಾನ

ಪೊಟ್ಟಣ ಬಿಚ್ಚಿದಾಗ ಸಿಗಬೇಕಾದದ್ದು: ಒಬ್ಬ ಪಾದ್ರಿ, ಒಂದು ಚರ್ಚು, ಸೇರಲೋ ಬೇಡವೋ ಎಂದು ಅನುಮಾನಿಸುವ ಒಬ್ಬ ಬಡಪಾಯಿ. ನಾ. ಡಿಸೋಜರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ತಂದವರಿಗೆ ಹೆಚ್ಚುವರಿಯಾಗಿ ನೆರೆಹೊರೆಯೂ ಸಿಗುತ್ತದೆ.

ಜಾಗ ನೋಡಿ ಕೂರಿ. ಚಿಕ್ಕಬಳ್ಳಾಪುರದವರು ಲಂಡನ್ ಮಿಷನ್ ಆರಂಭಿಸಿದ, ಈಗಿನ ಸಿಎಸ್‌ಐ ಆಸ್ಪತ್ರೆಯ ಬೆಂಚಿನ ಮೇಲೆ ಓದಬಹುದು. ಚೀಟಿ ಹಿಡಿದು ಸರದಿ ಕಾಯುವಾಗ ಮಿಷನರಿಯ ಮೇಲಿನ ಸಿಟ್ಟೂ ಭಕ್ತಿಯೂ ಒಂದು ಹದಕ್ಕೆ ಬರುತ್ತವೆ. ಗೌರಿಬಿದನೂರಿನವರಿಗೆ ಎಚ್ಚರಿಕೆ: ವಿಚಾರವಾದಿ ಎಚ್. ನರಸಿಂಹಯ್ಯನವರ ಹೊಸೂರು ನಿಮ್ಮದೇ ತಾಲ್ಲೂಕು, ಹಾಗಾಗಿ ಪ್ರಾರ್ಥನೆ ಕಂಡ ಕೂಡಲೇ ಪುರಾವೆ ಕೇಳುವ ಅಭ್ಯಾಸ ಇದ್ದೀತು. ಅದನ್ನು ಪವಾಡಗಳಿಗೆ ಮೀಸಲಿಡಿ, ಪಾತ್ರಗಳಿಗೆ ಬೇಡ. ಸಂತಕವಿ ಕೈವಾರ ತಾತಯ್ಯನ ಪದ ಕೇಳಿ ಬೆಳೆದ ಚಿಂತಾಮಣಿಯವರಿಗೆ ಸೂಚನೆಯ ಅಗತ್ಯವಿಲ್ಲ.

ಪಾತ್ರವನ್ನು ಪರೀಕ್ಷಿಸುವುದು ಹೇಗೆಂದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕಲಿಯಿರಿ. ನೂಲು ತೆಗೆಯುವ ರೀಲರ್, ಗೂಡು ಸುರಿದ ಜಾಲರಿಯ ಅಂದ ನೋಡಿ ಬೆಲೆ ಕಟ್ಟುವುದಿಲ್ಲ. ರಾಶಿಯೊಳಗೆ ಕೈ ಹಾಕಿ ಗೂಡೊಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಾಡಿಸುತ್ತಾನೆ. ನಿಲುವಂಗಿ, ಶಿಲುಬೆ ಎಲ್ಲ ಬರೀ ಜಾಲರಿ. ಒಳಗಿನ ಹುಳುವಿಗೆ ಏನು ಬೇಕಾಗಿದೆ, ಅದನ್ನು ಕೇಳಿಸಿಕೊಳ್ಳಿ.

ಈಗ ಕಾರಂತರ 1933ರ ‘ಚೋಮನ ದುಡಿ’ ತೆಗೆದುಕೊಳ್ಳಿ. ಜೀತದ ಚೋಮನ ಬಳಿ ಒಂದು ಜೊತೆ ಎತ್ತು ಇದೆ, ಉಳಲು ಅಂಗೈಯಗಲ ನೆಲವಿಲ್ಲ. ಮತ ಬದಲಿಸಿದರೆ ನೆಲ ಸಿಕ್ಕೀತೆಂದು ಹೊರಡುತ್ತಾನೆ. ದಾರಿಯಲ್ಲಿ ಪಂಜುರ್ಲಿ ದೈವ ಎಳೆದಂತಾಗಿ ವಾಪಸಾಗುತ್ತಾನೆ. ಇಲ್ಲಿ ಕೆಲವರು ‘ನಮ್ಮ ದೈವ ಗೆದ್ದಿತು’ ಎಂದು, ಇನ್ನು ಕೆಲವರು ‘ಪಾದ್ರಿಗೆ ಆತ್ಮವೊಂದು ತಪ್ಪಿತು’ ಎಂದು ಗುಂಡಿ ಒತ್ತುತ್ತಾರೆ. ಎರಡೂ ತಪ್ಪು ಗುಂಡಿಯೇ. ಹಿಂದಿರುಗಿದ ಚೋಮನಿಗೆ ನೆಲ ಕೊಡುವವರು ಯಾರೂ ಇರಲಿಲ್ಲ. ಕಾರಂತರು ಲೆಕ್ಕ ಕೇಳುತ್ತಿರುವುದು ಪಾದ್ರಿಯನ್ನಲ್ಲ, ಧಣಿಗಳನ್ನು.

‘ಮಲೆಗಳಲ್ಲಿ ಮದುಮಗಳು’ (1967) ಭಾರೀ ಯಂತ್ರ, ನಿಧಾನವಾಗಿ ಚಾಲೂ ಮಾಡಿ. ಅದರ ಪಾದ್ರಿ ಜೀವರತ್ನಯ್ಯನನ್ನು ಖಳನೆಂದೋ ಸಂತನೆಂದೋ ಮೊದಲೇ ತೀರ್ಮಾನಿಸಿದರೆ ಬಿಸಿಯೇರಿ ಕೆಡುತ್ತದೆ. ಬೈಬಲ್ಲಿನ ಜೊತೆಗೆ ಬೈಸಿಕಲ್ಲೂ ಆ ಕಾಡಿಗೆ ಬರುತ್ತದೆ. ನನ್ನ ಕಣ್ಣಂತೂ ಬೈಸಿಕಲ್ಲಿನ ಮೇಲೇ ನಿಂತಿತ್ತು.

ಕೆಟ್ಟು ನಿಂತರೆ ಅಂಗಡಿಗೆ ಹೊರಬೇಡಿ, ಎರಡನೇ ಸಲ ಓದಿ. ಮೊದಲು ಹೆಸರಿಸಿದ ನಾ. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ನಿಮ್ಮ ತಾಲ್ಲೂಕಿನ ಲೈಬ್ರರಿಯಲ್ಲಿ ಅವರ ಪುಸ್ತಕ ಇಲ್ಲದಿದ್ದರೆ, ತರಿಸಿಕೊಡಿ ಎಂದು ಬರೆದುಕೊಟ್ಟು ಬನ್ನಿ.