ಬುಟ್ಟಿಯವರಿಗೊಂದು ಬಿನ್ನವತ್ತಳೆ

ಹ್ವಾಯ್, ಹಿಂದಿನ ಸಾಲಿನವರು ಸ್ವಲ್ಪ ಸುಮ್ಮನಿರಿ ಮಾರಾಯ್ರೆ, ಸನ್ಮಾನ ಶುರುವಾಯಿತು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕಿನ ಅಬ್ಬಿಯರೇ, ಅಮ್ಮಂದಿರೇ, ವಿಮಾನ ನಿಲ್ದಾಣದ ಎಕ್ಸ್‌ರೇ ಯಂತ್ರದ ಪಕ್ಕ ಹಗಲಿರುಳು ಬಾಯ್ದೆರೆದು ನಿಂತಿರುವ ಶ್ರೀಯುತ ಕಸದ ಬುಟ್ಟಿಯವರೇ,

ಶಾಲು ಹೊದೆಸಿದರೆ ನಿಲ್ಲುತ್ತಿಲ್ಲ, ಹಾರ ಒಳಗೇ ಬಿತ್ತು. ಹಾಗಾಗಿ ಫಲಪುಷ್ಪವನ್ನೂ ನೇರ ಒಳಗೇ ಸಮರ್ಪಿಸಿದ್ದೇವೆ.

ಬಾರ್ಕೂರಿನ ಮಾವಿನ ಮಿಡಿ, ಗಂಗೊಳ್ಳಿಯ ಚಟ್ಲಿ ಉಪ್ಪಿನಕಾಯಿ, ಕೊಲ್ಲೂರು ಕಡೆಯ ಜೇನು, ಎಲ್ಲವನ್ನೂ ಒಂದೇ ದಿನ ಉಂಡವರು ನಮ್ಮಲ್ಲಿ ತಾವಲ್ಲದೆ ಬೇರೆ ಯಾರಿದ್ದಾರೆ? 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಯಾರೋ ತಂಪು ಪಾನೀಯದ ಬಾಟಲಿಯಲ್ಲಿ ವಿಮಾನಕ್ಕೆ ಸ್ಫೋಟಕ ಒಯ್ಯುವ ಸಂಚು ಹೂಡಿ ಸಿಕ್ಕಿಬಿದ್ದರು. ಕೈಚೀಲದ ದ್ರವಕ್ಕೆ 100 ಮಿಲಿಲೀಟರಿನ ಲೆಕ್ಕ ಹುಟ್ಟಿದ್ದು ಆಮೇಲೆ. ಅದೇ ವರ್ಷ ಬಜ್ಪೆಯಿಂದ ದುಬೈಗೆ ವಿಮಾನವೂ ಹಾರತೊಡಗಿತು. ತಮ್ಮ ಜಾತಕ ಅಷ್ಟು ಗಟ್ಟಿ.

ಅಧಿಕಾರಿಗಳನ್ನು ದೂರಿ ಪ್ರಯೋಜನವಿಲ್ಲ. ಹಾರ್ಲಿಕ್ಸ್ ಬಾಟಲಿ, ಅದಕ್ಕೆ ಪ್ಲಾಸ್ಟಿಕ್ ಕವರು, ಅದರ ಮೇಲೆ ಹಳೇ ಪಂಚೆ, ಮತ್ತೊಂದು ಕವರು, ರಬ್ಬರ್ ಬ್ಯಾಂಡು. ಬಿಚ್ಚಿದ ಹಾಗೆಲ್ಲ ಪಂಚೆಯಲ್ಲಿ ಕೆಂಪೆಣ್ಣೆಯ ಕಲೆ ದೊಡ್ಡದಾಗುತ್ತದೆ, ಅಧಿಕಾರಿಯ ಹುಬ್ಬು ಮೇಲೇರುತ್ತದೆ. ಇಷ್ಟು ಕಟ್ಟಿಟ್ಟದ್ದು ಬರೀ ಉಪ್ಪಿನಕಾಯಿ ಎಂದರೆ ಯಾರು ನಂಬುತ್ತಾರೆ? ಮೆಣಸಿನ ಉಪ್ಪಿನಕಾಯಿ ಕೈಚೀಲಕ್ಕೆ ಕೂಡದು, ದೊಡ್ಡ ಲಗೇಜಿಗೆ ಹಾಕಿ ಎಂದು ಎಷ್ಟು ಹೇಳಿದರೂ, "ಅಲ್ಲ್ ಹಾಕ್ರೆ ಒಡ್ದ್ ಹೋತ್ತ್" ಎನ್ನುವುದು ನಮ್ಮ ಅಬ್ಬಿಯರ ಶಾಸ್ತ್ರ.

ಕೊಬ್ಬರಿಯದ್ದು ಇನ್ನೂ ದೊಡ್ಡ ಕಥೆ. ನಮ್ಮ ಅಟ್ಟದಲ್ಲಿ, ಒಲೆಯ ಹೊಗೆಯ ನೇರಕ್ಕೆ, ತಿಂಗಳುಗಟ್ಟಲೆ ತಣ್ಣಗೆ ಮಲಗಿದ್ದ ಒಣಕೊಬ್ಬರಿ ವಿಮಾನದ ಪುಸ್ತಕದಲ್ಲಿ ಯುಎನ್ 1363, ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಸರಕು! ಎಣ್ಣೆ ಗಾಳಿಯೊಡನೆ ಸೇರಿ ಕಾವೇರುತ್ತದಂತೆ. ಇಷ್ಟು ಪ್ರತಾಪಿ ಎಂದು ಗೊತ್ತಿದ್ದರೆ ಚಟ್ನಿಗೆ ಅರೆಯುವಾಗ ಸ್ವಲ್ಪ ಮರ್ಯಾದೆ ಕೊಡುತ್ತಿದ್ದೆವು. ಇನ್ನು ಪಾಯಸಕ್ಕೆಂದು ಗಸಗಸೆ ಕಟ್ಟಿಕೊಡುವವರಿಗೆ ಕೈಮುಗಿದು ಹೇಳುತ್ತೇನೆ: ಯುಎಇಯಲ್ಲಿ ಅದು ಮಾದಕ ವಸ್ತು. ಮಗ ಬುಟ್ಟಿಗಲ್ಲ, ಜೈಲಿಗೇ ಹೋದಾನು.

ಸನ್ಮಾನಿತರು ಮಾತಾಡುವುದಿಲ್ಲ, ಇಂಥ ಸನ್ಮಾನಿತರು ಸಿಗುವುದು ನಮ್ಮ ಪುಣ್ಯ. ಕೋಳಿ ಸುಕ್ಕ, ನೀರ್ ದೋಸೆ ತಯಾರಿದೆ, ಎಲ್ಲರೂ ಉಂಡೇ ಹೋಗಬೇಕು. ನಾಳೆ ವಿಮಾನ ಹತ್ತುವವರು ಮಾತ್ರ ಮಿಕ್ಕ ಸುಕ್ಕವನ್ನು ಕಟ್ಟಿಕೊಂಡು ಹೋಗಬಾರದಾಗಿ ವಿನಂತಿ.